ಎಫ್‌ಡಿ ಅಂದರು, ಬಾಂಡ್ ಬಂತು

ಬೀಳಗಿ ಕಡೆಯ ನಮ್ಮ ಕಾಕಾ ಕಬ್ಬಿನ ಬಿಲ್ಲು ಬಂದಾಗ 2 ಲಕ್ಷ ಎಫ್‌ಡಿ ಇಡಲು ಬ್ಯಾಂಕಿಗೆ ಹೋದರು. "ಅದಕ್ಕಿಂತ ಚಲೋದು ಐತ್ರಿ ಕಾಕಾ, ಇಲ್ಲೊಂದು ಸಹಿ ಮಾಡ್ರಿ" ಎಂದ ಟೈ ಕಟ್ಟಿದ ಹುಡುಗ. ಮರುವರ್ಷ ಮತ್ತೆ 2 ಲಕ್ಷ ಕಟ್ಟಿ ಅಂತ ಮೆಸೇಜ್ ಬಂತು. ಆಮೇಲೆಯೇ ಟ್ರಂಕಿನಲ್ಲಿದ್ದ ಕವರ್ ಒಡೆದದ್ದು. ಒಳಗೆ 10 ವರ್ಷ ಕಂತು ಕಟ್ಟುವ ಜೀವವಿಮೆ ಬಾಂಡ್. ಅರ್ಜಿಯಲ್ಲಿ ಕಾಕಾನ ಉದ್ಯೋಗ ವ್ಯಾಪಾರ, ವರ್ಷದ ಆದಾಯ 12 ಲಕ್ಷ! ಎಲ್ಲ ಇಂಗ್ಲಿಷಿನಲ್ಲಿ. ಸಹಿ ಮಾತ್ರ ಕನ್ನಡದಲ್ಲಿ.

1956ರಲ್ಲಿ ಎಲ್‌ಐಸಿ ಹುಟ್ಟಿದ ಮೇಲೆ ಬಹಳ ವರ್ಷ ವಿಮೆ ಅಂದರೆ ಊರಿನ ಏಜೆಂಟ್. ಹೆಂಡತಿ ಹೆಸರಿನಲ್ಲಿ ಏಜೆನ್ಸಿ ನಡೆಸುವ ಮಾಸ್ತರರೂ ಇದ್ದರು ಅನ್ನಿ. ಅವರೇನು ಎಲ್ಲ ಸತ್ಯವನ್ನೇ ಹೇಳುತ್ತಿರಲಿಲ್ಲ. ಆದರೆ ಸುಳ್ಳು ಹೇಳಿದವನು ಸಂತೆಯಲ್ಲಿ ಸಿಗುತ್ತಿದ್ದ.

1999ರ ವಿಮಾ ನಿಯಂತ್ರಣ ಕಾಯ್ದೆಯ ಬೆನ್ನಿಗೆ ಖಾಸಗಿ ಕಂಪನಿಗಳು ಬಂದವು. ಜೊತೆಗೆ ಯುಲಿಪ್ ಬಂತು: ಒಂದಿಷ್ಟು ವಿಮೆ, ಉಳಿದದ್ದು ಷೇರುಪೇಟೆ. "ಮೂರು ವರ್ಷ ಕಟ್ಟಿದ್ರ ಸಾಕು" ಅಂತ ಮಾರಿದರು. ಮೊದಲ ಕಂತಿನ ದೊಡ್ಡ ಪಾಲು ಚಾರ್ಜಿಗೇ ಹೋಗುತ್ತದೆ ಅಂತ ಯಾರೂ ಬಾಯಿ ಬಿಡಲಿಲ್ಲ. 2008ರಲ್ಲಿ ಪೇಟೆ ಕುಸಿದಾಗ ಗೊತ್ತಾಯಿತು. 2010ರ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 14 ಕಂಪನಿಗಳ ಯುಲಿಪ್‌ಗೆ ತಡೆ ಹಾಕಿತು. ಅದು ನಿಮ್ಮ ಕೆಲಸವಲ್ಲ ಎಂದಿತು ವಿಮಾ ನಿಯಂತ್ರಕ. ಜೂನ್‌ನಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದು ಜಗಳ ಬಿಡಿಸಿತು. ಸೆಪ್ಟೆಂಬರ್‌ನಿಂದ ಚಾರ್ಜಿಗೆ ಮಿತಿ ಬಂತು, ಹಣ ತೆಗೆಯಲು 5 ವರ್ಷ ಕಾಯುವ ನಿಯಮವೂ ಬಂತು. ಮಾರುವವರು ಸುಮ್ನೆ ಕೂರಲಿಲ್ಲ. ಕಮಿಷನ್ ಜಾಸ್ತಿ ಇದ್ದ ಹಳೇ ಮಾದರಿಯ ಪಾಲಿಸಿಗಳತ್ತ ಹೊರಳಿದರು.

ಈ ಹೊತ್ತಿಗೆ ಬ್ಯಾಂಕ್ ಕೌಂಟರೇ ಅಂಗಡಿಯಾಗಿತ್ತು. 2015ರಿಂದ ಒಂದು ಬ್ಯಾಂಕ್ 3 ಜೀವವಿಮಾ ಕಂಪನಿಗಳ ಪಾಲಿಸಿ ಮಾರಬಹುದಾಗಿತ್ತು. 2022ರಿಂದ 9. ಸಿಬ್ಬಂದಿಗೆ ಟಾರ್ಗೆಟ್. ಖಾತೆಗೆ ಎಷ್ಟು ಹಣ ಬಿತ್ತು ಅಂತ ಏಜೆಂಟನಿಗೆ ಗೊತ್ತಿರಲಿಲ್ಲ, ಬ್ಯಾಂಕಿಗೆ ಗೊತ್ತು. ನನ್ನ ಮಟ್ಟಿಗೆ ಕೆಟ್ಟದ್ದು ಅದೇ.

ಪರಿಹಾರದ ದಾರಿಗಳೂ ಇವೆ. ಬಾಂಡ್ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ ಸಣ್ಣಪುಟ್ಟ ಕಡಿತ ಬಿಟ್ಟು ಹಣ ವಾಪಸ್. ಮೊದಲು ಸಾಮಾನ್ಯವಾಗಿ 15 ದಿನವಿತ್ತು, 2024ರಲ್ಲಿ ಎಲ್ಲರಿಗೂ 30 ಆಯಿತು. ಕಾಕಾ ಕವರ್ ಒಡೆಯದೆ ಇದನ್ನು ಕಳೆದುಕೊಂಡರು.

ಹೀಗಾಗಿ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆದೆವು. "ಸಹಿ ನಿಮ್ಮದೇ, ವೆರಿಫಿಕೇಶನ್ ಕಾಲ್‌ನಲ್ಲಿ ಒಪ್ಪಿದ್ದೀರಿ" ಎಂದು ಉತ್ತರ ಬಂತು. ವಿಮಾ ನಿಯಂತ್ರಕರ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ಹಾಕಿದೆವು. 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು. ಕಂಪನಿ ಒಂದು ತಿಂಗಳು ಸುಮ್ಮನಿದ್ದರೆ, ಇಲ್ಲವೇ ಆಗಲ್ಲ ಎಂದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆ ತಕರಾರು ತೀರ್ಮಾನಿಸುವ ಅಧಿಕಾರಿಗೆ, ಹೋಗಬೇಕು. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಫೀಸಿಲ್ಲ, ವಕೀಲರೂ ಬೇಡ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಿಂದಾಗಿ ನಿಮ್ಮ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಗಡುವು 2 ವರ್ಷ. ಎರಡೂ ಕಡೆ ಒಟ್ಟಿಗೆ ಮಾತ್ರ ಆಗದು.

ತೊಂದರೆ ಏನಂದರೆ ಮಾರಾಟ ಬಾಯಲ್ಲಿ ಆಗುತ್ತದೆ, ವಿಚಾರಣೆ ಕಾಗದದ ಮೇಲೆ. ನಾವು ಓಂಬುಡ್ಸ್‌ಮನ್‌ಗೆ ಕೊಟ್ಟ ದೂರಿಗೆ ಹೊಲದ ಉತಾರ ಮತ್ತು ಕಬ್ಬಿನ ಬಿಲ್ಲು ಲಗತ್ತಿಸಿದೆವು, 12 ಲಕ್ಷದ ಆದಾಯ ಸುಳ್ಳೆಂದು ತೋರಿಸಲು. ಕಂಪನಿಯ ಆ ವೆರಿಫಿಕೇಶನ್ ಕಾಲ್‌ನ ರೆಕಾರ್ಡಿಂಗ್ ಕೇಳಿ ಪಡೆದೆವು. ಹುಡುಗಿಯೊಬ್ಬಳು ಹಿಂದಿಯಲ್ಲಿ ಒಂದೇ ಉಸಿರಿಗೆ ಓದುತ್ತಾಳೆ. ಕಾಕಾ ಮೂರು ಸಲ "ಹೂಂ" ಅಂತಾರೆ, ನಡುವೆ ಎತ್ತಿಗೆ ಗದರಿಸುತ್ತಾರೆ.

ವಿಚಾರಣೆ ವಿಡಿಯೋ ಕಾಲ್‌ನಲ್ಲೇ ಆಗುತ್ತದೆ ಎಂದಾಗ ಕಾಕಾ ಕೇಳಿದ್ದು ಒಂದೇ: "ಅಲ್ಲರೆ ಕನ್ನಡ ಮಾತಾಡ್ತಾರೇನು?"