ಹಾಲು, ಮೊಟ್ಟೆ, ನೀಲಿ ಮಾತ್ರೆ ಎಲ್ಲ ಇದ್ದೂ ನಮ್ಮ ಹುಡುಗಿಯರಿಗೆ ರಕ್ತ ಯಾಕೆ ಕಮ್ಮಿ?

ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುವ ಹುಡುಗಿಗೆ ಇವತ್ತು ಶಾಲೆಯಲ್ಲೇ ಹಾಲು ಸಿಗುತ್ತದೆ. ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಬೆರೆಸುತ್ತಾರೆ. ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣು. ಅನ್ನ ಮಾಡುವ ಅಕ್ಕಿಗೂ ಈಚಿನ ವರ್ಷಗಳಲ್ಲಿ ಕಬ್ಬಿಣಾಂಶ ಸೇರಿಸಿದ್ದುಂಟು. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಆದರೂ ತಪಾಸಣೆಗೆ ಬಂದವರು ‘ರಕ್ತ ಕಮ್ಮಿ ಇದೆ’ ಅಂತ ಚೀಟಿ ಬರೆಯುವುದು ನಿಂತಿಲ್ಲ. ಯಾವ ಯೋಜನೆ ಯಾವಾಗ, ಯಾಕೆ ಬಂತು ಅಂತ ನೋಡದೆ ಈ ಗೋಜಲು ಬಿಡಿಸುವುದು ಕಷ್ಟ.

ರಕ್ತಹೀನತೆ ತಡೆಯಲು ದೇಶದಲ್ಲಿ ಮೊದಲ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಅದು ಬಸುರಿಯರು, ಬಾಣಂತಿಯರು ಮತ್ತು ಚಿಕ್ಕ ಮಕ್ಕಳಿಗೆ. ಶಾಲೆಗೆ ಹೋಗುವ ಹುಡುಗಿ ಆ ಲೆಕ್ಕದಲ್ಲಿ ಇರಲಿಲ್ಲ. ಮದುವೆಯಾಗಿ ಬಸುರಿಯಾದ ಮೇಲೆಯೇ ಅವಳ ರಕ್ತದ ಚಿಂತೆ! ಆಮೇಲೆ 2001ರಲ್ಲಿ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು ಅನ್ನುವ ಸುಪ್ರೀಂ ಕೋರ್ಟ್ ಆದೇಶ, 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ, 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂದವು. ಇವೆಲ್ಲ ಒಳ್ಳೆಯವೇ. ಆದರೆ ಅವುಗಳ ಗುರಿ ಹಸಿವು ನೀಗಿಸುವುದು, ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದು.

ಹುಡುಗಿಯ ಅಗತ್ಯವೇ ಬೇರೆ. 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಅದೇ ವಯಸ್ಸಿನ ಹುಡುಗಿಗೆ 30 ಮಿಲಿಗ್ರಾಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು. ಮೈ ಬೆಳೆಯುವ ಕಾಲ ಅದು. ಜೊತೆಗೆ ತಿಂಗಳು ತಿಂಗಳು ರಕ್ತ ಹೋಗುತ್ತದೆ.

ಇದನ್ನು ನೇರವಾಗಿ ಗಮನಿಸಿದ್ದು ನೀಲಿ ಮಾತ್ರೆ. 2013ರ ಹೊತ್ತಿಗೆ ಶಾಲೆಗಳಲ್ಲಿ 10ರಿಂದ 19 ವಯಸ್ಸಿನವರಿಗೆ ವಾರಕ್ಕೊಂದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವುದು ಶುರುವಾಯಿತು. ಮೊದಲು ಅದರಲ್ಲಿ 100 ಮಿಲಿಗ್ರಾಂ ಕಬ್ಬಿಣಾಂಶ ಇತ್ತು. 2018ರ ‘ಅನೀಮಿಯಾ ಮುಕ್ತ ಭಾರತ’ ಬಂದ ಮೇಲೆ 60ಕ್ಕೆ ಇಳಿಯಿತು. ಟೀಚರ್ ಎದುರಿಗೇ ನುಂಗಬೇಕು, ಊಟ ಆದ ಮೇಲೆಯೇ ನುಂಗಬೇಕು ಅನ್ನುವುದು ನಿಯಮ.

ಅದು ಹೇಳಿದಷ್ಟು ಸುಲಭ ಅಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ವಾಂತಿಯಾಗುತ್ತದೆ. ಮಲ ಕಪ್ಪಗಾಗುತ್ತದೆ. ಅದರಿಂದ ತೊಂದರೆ ಏನಿಲ್ಲ, ಆದರೆ ಮೊದಲೇ ಹೇಳದಿದ್ದರೆ ಹುಡುಗಿ ಹೆದರುತ್ತಾಳೆ. ಒಬ್ಬಳು ವಾಂತಿ ಮಾಡಿದರೆ ಮುಂದಿನ ವಾರ ಅರ್ಧ ತರಗತಿ ಮಾತ್ರೆಯನ್ನು ಕೈಯಲ್ಲೇ ಉಳಿಸಿಕೊಳ್ಳುತ್ತದೆ. ಹಾಲಿನ ಜೊತೆ ತೆಗೆದುಕೊಂಡರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಟೀ ಕುಡಿದರೂ ಅಷ್ಟೇ. ಇದನ್ನೆಲ್ಲ ಕೂರಿಸಿಕೊಂಡು ಹೇಳುವಷ್ಟು ಪುರುಸೊತ್ತು ಪಾಠ, ಪರೀಕ್ಷೆ, ಗಣತಿ ಕೆಲಸದ ನಡುವೆ ಟೀಚರ್‌ಗಳಿಗೆ ಎಲ್ಲಿದೆ?

ಇನ್ನೊಂದು ವಿಷಯ ಮನೆಯವರಿಗೆ ಸಾಮಾನ್ಯವಾಗಿ ಗೊತ್ತೇ ಇರುವುದಿಲ್ಲ. ವಾರದ ಮಾತ್ರೆ ರಕ್ತ ಕಮ್ಮಿಯಾಗದಂತೆ ತಡೆಯಲು ಮಾತ್ರ. ಈಗಾಗಲೇ ಕಮ್ಮಿ ಇರುವವಳಿಗೆ ಅದು ಸಾಲದು. ವೈದ್ಯರ ಸಲಹೆಯಂತೆ ದಿನವೂ, ತಿಂಗಳುಗಟ್ಟಲೆ ಮಾತ್ರೆ ಬೇಕು, ಮತ್ತೆ ರಕ್ತಪರೀಕ್ಷೆಯೂ ಆಗಬೇಕು. ಆದರೆ ಚೀಟಿ ಮನೆಗೆ ಹೋಗುವ ಹೊತ್ತಿಗೆ ಅಮ್ಮ ಗಾರ್ಮೆಂಟ್ಸ್‌ನಲ್ಲೋ ಮನೆಕೆಲಸದಲ್ಲೋ ಇರುತ್ತಾಳೆ. ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಚಿಕಿತ್ಸಾಲಯ ಹತ್ತಿರವೇ ಇದ್ದರೂ ಅದು ಹೆಚ್ಚಾಗಿ ತೆರೆದಿರುವುದು ಶಾಲೆಯ ಹೊತ್ತಿನಲ್ಲೇ, ಅಮ್ಮನ ಕೆಲಸದ ಹೊತ್ತಿನಲ್ಲೇ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು.

ಸಾರ್ವಜನಿಕ ಚರ್ಚೆ ಮಾತ್ರ ಈ ಚೀಟಿಯ ಬಗ್ಗೆ ನಡೆಯಲಿಲ್ಲ, ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಅನ್ನುವುದರ ಬಗ್ಗೆ ನಡೆಯಿತು. 2007ರಲ್ಲಿ ಕೈಬಿಟ್ಟ ಮೊಟ್ಟೆ ಶಾಲೆಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಕಡೆ. ಬೆಂಗಳೂರಿನ ಸರದಿ ಆಮೇಲೆ. 2023ರಲ್ಲಿ 9 ಮತ್ತು 10ನೇ ತರಗತಿಗೂ ಸಿಕ್ಕಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಇಷ್ಟು ವರ್ಷ ಹಿಡಿಯಬೇಕಿತ್ತಾ? ಹಾಗಂತ ಮೊಟ್ಟೆಯನ್ನೇ ರಕ್ತದ ಔಷಧಿ ಅಂದುಕೊಳ್ಳುವುದೂ ತಪ್ಪು. ಅದರಲ್ಲಿ ಒಳ್ಳೆಯ ಪ್ರೋಟೀನ್, ಬಿ12 ಇದೆ. ಕಬ್ಬಿಣಾಂಶ ಒಂದು ಮಿಲಿಗ್ರಾಂ ಆಸುಪಾಸು ಅಷ್ಟೇ.

ಅಷ್ಟರಲ್ಲಿ ಅಂಕಿಗಳ ಬಗ್ಗೆಯೇ ವಾದ ಎದ್ದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 54.1 ಇದ್ದದ್ದು 2019-21ರಲ್ಲಿ ಶೇ 59.1ಕ್ಕೆ ಏರಿತು. ಕರ್ನಾಟಕದ 15ರಿಂದ 49ರ ಹೆಣ್ಣುಮಕ್ಕಳಲ್ಲೂ ಶೇ 44.8ರಿಂದ 47.8 ಆಯಿತು. ಅದು ಬೆರಳು ಚುಚ್ಚಿ ತೆಗೆದ ಹನಿ ರಕ್ತದ ಲೆಕ್ಕ. 2016-18ರ ಇನ್ನೊಂದು ರಾಷ್ಟ್ರೀಯ ಸಮೀಕ್ಷೆ ನರದಿಂದ ರಕ್ತ ತೆಗೆದು ನೋಡಿತು. ಅದರಲ್ಲಿ 10ರಿಂದ 19ರ ಹುಡುಗಿಯರ ಪ್ರಮಾಣ ಶೇ 40. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಸೇರಿ ಕೆಲವು ವಿಜ್ಞಾನಿಗಳು, ಡೆಸಿಲೀಟರ್‌ಗೆ 12 ಗ್ರಾಂ ಹಿಮೋಗ್ಲೋಬಿನ್‌ಗಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುವ ಗೆರೆಯೇ ನಮ್ಮವರಿಗೆ ಜಾಸ್ತಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲೂ ಆ ಗೆರೆಯನ್ನು ಹಾಗೇ ಇಟ್ಟಿತು. ವಾದ ನಡೆಯಲಿ, ಬೇಕು ಕೂಡ. ಆದರೆ ಕಡಿಮೆ ಅಂಕಿಯನ್ನೇ ಹಿಡಿದರೂ ಐವರಲ್ಲಿ ಇಬ್ಬರು ಹುಡುಗಿಯರು ಅಲ್ವಾ?

ಮನೆಯ ತಟ್ಟೆಯ ಕಥೆ ಇನ್ನೂ ಬೇರೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಕಡಿಮೆಯಾಗಿ ಅನ್ನ, ತಿಳಿಸಾರು ಹೆಚ್ಚಾಗಿದೆ. ಇಲ್ಲಿಯವರ ಮನೆಗಳಲ್ಲೂ ಬಸ್ಸಾರು, ಮೊಳಕೆ ಕಾಳಿನ ಸಾರು ಭಾನುವಾರಕ್ಕೆ ಸರಿದಿವೆ. ಬೆಳಿಗ್ಗೆ ಒಂದು ಲೋಟ ಟೀ, ಒಂದು ಬನ್ನು. ಸಂಜೆ ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಯೋ ಸೀಬೆಯೋ ಬೇಕು. ಮಾಂಸ, ಈಲಿಯ (ಲಿವರ್) ಕಬ್ಬಿಣಾಂಶ ಬೇಗ ಹತ್ತುತ್ತದೆ. ಆದರೆ ಮಾಂಸ ಮಾಡಿದ ದಿನ ಒಳ್ಳೆಯ ತುಂಡುಗಳು ಯಾರ ತಟ್ಟೆಗೆ ಹೋಗುತ್ತವೆ ಅನ್ನುವುದನ್ನು ಯಾವ ಯೋಜನೆಯೂ ಕೇಳಿಲ್ಲ.

10ನೇ ತರಗತಿ ಮುಗಿದರೆ ಬಿಸಿಯೂಟ ನಿಲ್ಲುತ್ತದೆ, ಹಾಲು ಮತ್ತು ಮೊಟ್ಟೆಯೂ ನಿಲ್ಲುತ್ತವೆ. 16ರಿಂದ 18ರ ಹುಡುಗಿಗೆ ಬೇಕಾದ ಕಬ್ಬಿಣಾಂಶ ಮಾತ್ರ ದಿನಕ್ಕೆ 32 ಮಿಲಿಗ್ರಾಂಗೆ ಏರುತ್ತದೆ. ಸರ್ಕಾರಿ ಪಿಯು ಕಾಲೇಜಿನ ಹುಡುಗಿಯರಿಗೂ ಮಧ್ಯಾಹ್ನದ ಊಟ ಕೊಡಿ, ತಪಾಸಣೆಯಲ್ಲಿ ರಕ್ತ ಕಮ್ಮಿ ಅಂತ ಕಂಡವರಿಗೆ ಶಾಲೆ, ಕಾಲೇಜಿನಲ್ಲೇ ಚಿಕಿತ್ಸೆಯ ಮಾತ್ರೆ ಕೊಟ್ಟು ಅಲ್ಲೇ ಮರುಪರೀಕ್ಷೆ ಮಾಡಿ ಅನ್ನುವುದು ಈಗ ಕೇಳಲೇಬೇಕಾದ ಮಾತು.