ಊರಿನವರ ಮಾತು ಲೆಕ್ಕಕ್ಕೆ ಬಂದ ಕಥೆ

ಕಾಡಿನಲ್ಲಿ ಬಿದಿರು ಮುಗಿಯುತ್ತಿದೆ ಅಂತ ಮೊದಲು ಕೂಗಿದವರು ಮೇದಾರರು. ಅದು 1970ರ ದಶಕದ ಮೊದಲ ವರ್ಷಗಳು. ಮೊರ, ಬುಟ್ಟಿ, ತಟ್ಟಿ ಹೆಣೆದು ಬದುಕುವವರಿಗೆ ಬಿದಿರೇ ಸಿಗುತ್ತಿರಲಿಲ್ಲ. ಸಿಕ್ಕರೂ ಆ ಬೆಲೆಗೆ ಕೊಳ್ಳಲು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಉತ್ತರ ಕನ್ನಡದ ಬಿದಿರು ಲಾರಿಗಟ್ಟಲೆ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ಗೆ ಹೋಗುತ್ತಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಹಲವು ಕಡೆ ಬರೆದಿರುವಂತೆ, ಮಿಲ್‌ಗೆ ಆರಂಭದಲ್ಲಿ ಸಿಕ್ಕ ದರ ಟನ್ನಿಗೆ ಒಂದೂವರೆ ರೂಪಾಯಿ. ಹೌದು, ಒಂದು ಇಡೀ ಟನ್ನಿಗೆ.

ವಿಶ್ವವಿದ್ಯಾಲಯ, ಕಾಲೇಜುಗಳ ಜನ ಊರಿನವರ ಜೊತೆ ಸೇರಿ ಪರಿಸರ ನ್ಯಾಯಕ್ಕಾಗಿ, ಅಂದರೆ ಕಾಡು-ನೀರನ್ನು ನಂಬಿದವರಿಗೆ ಅನ್ಯಾಯ ಆಗದಂತೆ, ಕೆಲಸ ಮಾಡುವುದು ಈಗ ಎಲ್ಲೆಡೆ ಕೇಳಿಬರುವ ಮಾತು. ನಮ್ಮಲ್ಲಿ ಅದು ಶುರುವಾದದ್ದು ಹೇಗೆ ಅಂತ ತಿಳಿಯಬೇಕಾದರೆ ಈ ಬಿದಿರಿನ ಜಗಳದಿಂದಲೇ ಹೊರಡಬೇಕು.

ಬಿದಿರು ಯಾಕೆ ಕಡಿಮೆಯಾಗುತ್ತಿದೆ ಅಂತ 1975ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಧ್ಯಯನ ಶುರುಮಾಡಿತು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಬೆಂಬಲ ಇತ್ತು. ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಸೇರಿ ತಿಂಗಳುಗಟ್ಟಲೆ ಕಾಡು ಸುತ್ತಿದರು. ಹಳ್ಳಿಯವರು ಕಡಿಯುತ್ತಾರೆ, ಅವರ ದನ ಮೇಯುತ್ತವೆ, ಅದಕ್ಕೇ ಬಿದಿರು ಹಾಳಾಗುತ್ತಿದೆ ಅನ್ನುವುದು ಅಧಿಕಾರಿಗಳ ಸಿದ್ಧ ಉತ್ತರ. ಹಳ್ಳಿಯವರು ಹೇಳಿದ್ದು ಬೇರೆಯೇ.

ಬಿದಿರು ಮೆಳೆಯ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಳ್ಳಿನ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಕೈ ಹಾಕಲೂ ಬಿಡುವುದಿಲ್ಲ. ಮಳೆಗಾಲದಲ್ಲಿ ಕಳಲೆ ಏಳುವುದು ಆ ಮುಳ್ಳಿನ ಒಳಗಿನಿಂದ. ಮಿಲ್ಲಿನ ಕೂಲಿಗಳು ಕಡಿಯಲು ಸಲೀಸಾಗಲಿ ಅಂತ ಮೊದಲು ಈ ಮುಳ್ಳನ್ನೆಲ್ಲ ಸವರಿ ಹಾಕುತ್ತಿದ್ದರು. ಬುಡ ಚೊಕ್ಕಟವಾದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅನ್ನುವ ನಂಬಿಕೆ ಅರಣ್ಯ ಇಲಾಖೆಗೂ ಇತ್ತು. ಊರಿನವರು ತಕರಾರು ತೆಗೆದದ್ದು ಇಲ್ಲಿಯೇ. ಮುಳ್ಳು ಹೋದರೆ ಕಳಲೆಗೆ ಬೇಲಿಯೇ ಇಲ್ಲ, ದನವೂ ಕಾಡುಪ್ರಾಣಿಯೂ ಬಂದು ಎಳೆಯದನ್ನೇ ತಿಂದುಬಿಡುತ್ತವೆ, ಇನ್ನು ಮೆಳೆ ಬೆಳೆಯುವುದು ಎಲ್ಲಿಂದ ಅಂತ.

ಸಂಶೋಧಕರು ಇದನ್ನು ಅಳೆದು, ಎಣಿಸಿ ನೋಡಿದರು. ಊರಿನವರು ಹೇಳಿದ್ದೇ ಸರಿ ಇತ್ತು. ಕಾಡಿನಲ್ಲಿ ಎಷ್ಟು ಬಿದಿರು ಇದೆ ಅಂತ ಇಲಾಖೆ ಹಾಕಿದ್ದ ಅಂದಾಜು ಕೂಡ ತೀರಾ ಜಾಸ್ತಿಯಾಗಿತ್ತು. ನನಗೆ ಈ ಅಧ್ಯಯನ ದೊಡ್ಡದು ಅನ್ನಿಸುವುದು ಇದೇ ಕಾರಣಕ್ಕೆ. ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದ್ದವರ ಮಾತನ್ನು ವಿಜ್ಞಾನಿಗಳು ಸಾಕ್ಷಿಯಾಗಿ ತೆಗೆದುಕೊಂಡರು.

ಮುಂದಿನ ಘಟ್ಟದಲ್ಲಿ ಊರಿನವರೇ ವಿಜ್ಞಾನಿಗಳನ್ನು ಕರೆದರು. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅಡಿಕೆ, ಏಲಕ್ಕಿ, ಮೆಣಸಿನ ತೋಟಗಳು ಮುಳುಗುವ ಭಯ ಎದ್ದಿತು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ರೈತರದೇ ಸಂಸ್ಥೆ. ಅದು 1981ರ ಜನವರಿಯಲ್ಲಿ ಪರಿಸರ ತಜ್ಞರು, ಅರ್ಥಶಾಸ್ತ್ರಜ್ಞರನ್ನು ಸೇರಿಸಿ ವಿಚಾರ ಸಂಕಿರಣ ನಡೆಸಿತು. ಯೋಜನೆಯಿಂದ ಬರುವ ಲಾಭದ ಎದುರಿಗೆ ಕಳೆದುಕೊಳ್ಳುವ ಕಾಡು, ತೋಟಗಳ ಬೆಲೆಯನ್ನೂ ಇಟ್ಟು ನೋಡಲಾಯಿತು. ಯೋಜನೆ ನಿಂತಿತು. ಎರಡೂವರೆ ವರ್ಷ ಕಳೆದ ಮೇಲೆ, 1983ರ ಸೆಪ್ಟೆಂಬರ್‌ನಲ್ಲಿ, ಶಿರಸಿ ತಾಲೂಕಿನದೇ ಆದ ಸಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಶುರುಮಾಡಿದರು.

1983ರಲ್ಲೇ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಹುಟ್ಟಿತು. ಆದರೆ ಬೆಂಗಳೂರಿನಿಂದ ಯಾರೋ ಬಂದು ಹೋಗುವುದಕ್ಕೂ ಅಲ್ಲಿಯೇ ಇರುವವರು ಕೆಲಸ ಮಾಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಆ ಕೊರತೆ ತುಂಬಿದ್ದು ಊರ ಕಾಲೇಜಿನ ಮೇಷ್ಟ್ರುಗಳು. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್‌ಚಂದ್ರನ್ ದೇವರಕಾಡು, ಕಾನುಗಳ (ಊರಿನವರು ಕಾಯ್ದುಕೊಂಡು ಬಂದ ನಿತ್ಯಹಸಿರು ಕಾಡು) ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಉದ್ದಕ್ಕೂ ಇಂಥ ಕಾಲೇಜು ಅಧ್ಯಾಪಕರ ಜಾಲವೇ ಬೆಳೆಯಿತು. ಪದವಿ ತರಗತಿಯ ಮಕ್ಕಳು ಊರಿನವರ ಜೊತೆ ನಡೆದು ಮರ, ಹಕ್ಕಿ, ಮೀನು, ಚಿಟ್ಟೆಗಳನ್ನು ಬರೆದಿಟ್ಟರು. ಊರಿನ ಗಿಡ-ಮರ, ಪ್ರಾಣಿ-ಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಬರೆದಿಡುವ ಪುಸ್ತಕ, ಜನತಾ ಜೀವವೈವಿಧ್ಯ ದಾಖಲಾತಿ ಅನ್ನುವ ಯೋಚನೆಯೂ ಆ ದಶಕದ್ದೇ.

2002ರ ಜೀವವೈವಿಧ್ಯ ಕಾಯ್ದೆ ಪಂಚಾಯಿತಿ ಮಟ್ಟದಲ್ಲಿ ನಿರ್ವಹಣಾ ಸಮಿತಿ ಇರಬೇಕು ಅಂತು. 2004ರ ನಿಯಮಗಳು ದಾಖಲಾತಿ ತಯಾರಿಸುವುದನ್ನು ಆ ಸಮಿತಿಯ ಮುಖ್ಯ ಕೆಲಸ ಮಾಡಿದವು. ಎಷ್ಟೋ ವರ್ಷ ಕಡತ ಅಲುಗಲಿಲ್ಲ. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಮಿತಿ, ದಾಖಲಾತಿ ಎರಡಕ್ಕೂ 2020ರ ಜನವರಿ 31ರ ಗಡುವು ಕೊಟ್ಟಿತು. ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕಿತ್ತು. ಈಗ ದೇಶದಲ್ಲಿ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಸಮಿತಿಗಳಿವೆ. ಗಡುವಿಗೆ ಹೆದರಿ ತುಂಬಿಸಿದ ಪುಸ್ತಕದಲ್ಲಿ ಮುಳ್ಳು ಮತ್ತು ಕಳಲೆಯ ಸಂಬಂಧದಂಥ ತಿಳಿವಳಿಕೆ ಸಿಗುವುದು ಕಷ್ಟ. ಅದಕ್ಕೆ ಊರಿನವರ ಜೊತೆ ಕೂತು ಕೇಳುವ ಸಮಯ ಬೇಕು.

ಸಮಯ ಕೊಟ್ಟು ಕೆಲಸ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಘನಾಶಿನಿ ಅಳಿವೆ (ಕುಮಟಾ ಬಳಿ ನದಿ ಸಮುದ್ರ ಸೇರುವ ಜಾಗ) ಇದೆ. ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿಗೆ ಇಳಿದು ಬಳಚು ಅನ್ನುವ ಚಿಪ್ಪುಜೀವಿ ಆರಿಸುತ್ತಾರೆ. ಹೊರಗಿನವರ ಕಣ್ಣಿಗೆ ಅದು ಸುಮ್ನೆ ಮನೆ ಅಡುಗೆಗೆ ಆರಿಸುವ ಕೆಲಸ. ಈ ಅಳಿವೆಯ ದಂಡೆಯ ತದಡಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಅನ್ನುವ ಮಾತು ಎದ್ದಿದ್ದ ವರ್ಷಗಳಲ್ಲಿ ಸುಭಾಷ್‌ಚಂದ್ರನ್, ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಯುವ ಸಂಶೋಧಕರು ದಂಡೆಯ ಊರುಗಳಲ್ಲಿ ಓಡಾಡಿ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ, ಅದನ್ನೇ ನಂಬಿ ದುಡಿಯುವ 2,300ಕ್ಕೂ ಹೆಚ್ಚು ಜನ. ಹೊರಗಿನವರ ಲೆಕ್ಕಕ್ಕೆ ಬಾರದಿದ್ದ ದುಡಿಮೆಗೆ ಹೀಗೆ ಒಂದು ಅಂಕಿ ಸಿಕ್ಕಿತು. ಆ ಸ್ಥಾವರ ಬರಲಿಲ್ಲ. 2024ರಲ್ಲಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಇತ್ತ ಬೇಡ್ತಿ ನದಿಯನ್ನು ವರದಾ ನದಿಗೆ ಜೋಡಿಸುವ ಯೋಜನೆ ಮತ್ತೆ ತಲೆ ಎತ್ತಿದೆ. ಶಿರಸಿ, ಯಲ್ಲಾಪುರದ ಕಡೆ ವಿರೋಧವೂ ಜೋರಾಗಿದೆ. ಆ ಕಣಿವೆಯ ಪಂಚಾಯಿತಿಗಳಲ್ಲೂ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ಅಲ್ಲಿನ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಅರ್ಥಶಾಸ್ತ್ರ ಓದುವ ಮಕ್ಕಳಿದ್ದಾರೆ, ಎಷ್ಟೋ ಜನ ಆ ತೋಟದ ಮನೆಗಳಿಂದಲೇ ಬರುವವರು. ಅವರು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪಂಚಾಯಿತಿಯ ಆ ಪುಸ್ತಕವನ್ನು ತೆರೆಸಿ ಓದಬೇಕು, ಬಿಟ್ಟುಹೋದದ್ದನ್ನು ಹಿರಿಯರನ್ನು ಕೇಳಿ ಬರೆಯಬೇಕು. 1981ರಲ್ಲಿ ತೋಟದವರು ಮಾಡಿಸಿದ ಲೆಕ್ಕವನ್ನು ಈಗಿನ ಬೆಲೆಯಲ್ಲಿ ಮತ್ತೆ ಹಾಕಬೇಕು. ಯೋಜನೆಗೆ ಒಪ್ಪಿಗೆ ಸಿಗುವ ಮೊದಲೇ ಹಾಕಬೇಕು.