ಪದ ಪರಿಚಯ: ಪೋಷಕತ್ವ

ಶಾಲೆಯ ದಾಖಲಾತಿ ಫಾರಂನಲ್ಲಿ ‘ಪೋಷಕರ ಸಹಿ’ ಎಂಬ ಸಾಲು ಇದ್ದೇ ಇರುತ್ತದೆ. ನಾವೆಲ್ಲ ಅದನ್ನು ಅಪ್ಪ-ಅಮ್ಮ ಎಂದೇ ಓದಿಕೊಳ್ಳುತ್ತೇವೆ. ಪೋಷಕರ ಸಭೆ ಅಂದರೂ ಅಷ್ಟೇ. ಆದರೆ ಪೋಷಿಸು ಎಂದರೆ ಹೊಟ್ಟೆಗೆ ಹಾಕಿ ಬೆಳೆಸು. ಹೆರುವುದಕ್ಕೂ ಆ ಪದಕ್ಕೂ ಸಂಬಂಧವಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯಿಂದ ಮೊಮ್ಮಗನ ಕೈ ಹಿಡಿದು ಬಂದ ಅಜ್ಜಿ ಆ ಸಾಲಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಪದದ ಅರ್ಥಕ್ಕೆ ಅವಳಿಗಿಂತ ತಕ್ಕವರಿಲ್ಲ. ಆದರೂ ‘ಇವನ ಅಪ್ಪ ಅಮ್ಮ ಬರ್ಲಿಲ್ವಾ ಅಜ್ಜಿ?’ ಎಂದು ಕೇಳಿದೊಡನೆ ತಾನೇ ಏನೋ ತಪ್ಪು ಮಾಡಿದವಳ ಹಾಗೆ ಮುಖ ಮಾಡುತ್ತಾಳೆ.

ಇದಕ್ಕೆ ನಮ್ಮ ಹಳೇ ಪದ ‘ಸಾಕು’. ಸಾಕುತಾಯಿ, ಸಾಕುಮಗ, ಸಾಕಿ ಸಲಹಿದವರು. ಒಳ್ಳೆಯ ಪದವೇ, ಆದರೆ ಕೋಳಿ, ದನ, ನಾಯಿಗೂ ಅದೇ. ಸಿಟ್ಟಿನಲ್ಲಿ ‘ನಿನ್ನ ಸಾಕಿದ್ದೀನಿ ಕಣೋ’ ಎಂದರೆ ಮಗುವಿನ ಕಿವಿಗೆ ಬೀಳುವುದು ಹಂಗು. ಕಚೇರಿಯವರು ಸಂಸ್ಕೃತದ ಪೋಷಕತ್ವವನ್ನು ಹಿಡಿದದ್ದು ಈ ಕಾರಣಕ್ಕೇ ಇರಬಹುದೇನೋ. ಇದು ನನ್ನ ಊಹೆ.

ಕಾನೂನಿನಲ್ಲಿ ಪೋಷಕತ್ವಕ್ಕೆ ಖಚಿತವಾದ ಅರ್ಥವಿದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಹೆತ್ತವರ ಬಳಿ ಇರಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ಪರಿಶೀಲಿಸಿ ಒಪ್ಪಿದ ಬೇರೊಂದು ಕುಟುಂಬದಲ್ಲಿ ಇರಿಸುವುದೇ ಪೋಷಕತ್ವ. ದತ್ತು ತೆಗೆದುಕೊಳ್ಳುವುದಕ್ಕೂ ಇದಕ್ಕೂ ಗಂಟು ಹಾಕಬಾರದು. ದತ್ತು ಕಾಯಂ: ಮಗು ಆ ಮನೆಯ ಮಗುವೇ ಆಗಿಬಿಡುತ್ತದೆ. ಪೋಷಕತ್ವದಲ್ಲಿ ಹೆತ್ತವರ ನಂಟು ಕಡಿಯುವುದಿಲ್ಲ. ಅವರು ಬಂದು ನೋಡಬಹುದು, ಮನೆಯ ಸ್ಥಿತಿ ಸುಧಾರಿಸಿದರೆ ಮಗು ಹಿಂದಿರುಗಲೂಬಹುದು. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕು, ಸಮಿತಿಯು ತಿಂಗಳಿಗೊಮ್ಮೆ ಆ ಮನೆಯನ್ನು ನೋಡಬೇಕು ಎಂದೂ ಕಾಯ್ದೆಯಲ್ಲಿದೆ. 2024ರ ಮಾರ್ಗಸೂಚಿ ಬಂದ ಮೇಲೆ ಒಂಟಿಯಾಗಿರುವವರೂ ಪೋಷಕರಾಗಬಹುದು. ದತ್ತಿಗೆ ಅರ್ಹವಾದ ಮಗುವಾಗಿದ್ದರೆ, ಮೊದಲಿದ್ದ ಐದು ವರ್ಷದ ಬದಲು ಎರಡು ವರ್ಷ ನೋಡಿಕೊಂಡ ನಂತರ ದತ್ತು ಕೇಳಬಹುದು.

ಒಂದು ದಿನ ಕಳಿಸಿಕೊಡಬೇಕಾದೀತು ಎಂದು ಗೊತ್ತಿದ್ದೂ ಮಗುವಿಗೆ ಜ್ವರ ಬಂದ ರಾತ್ರಿ ಎದ್ದು ಕೂರುವುದಿದೆಯಲ್ಲ, ಪೋಷಕತ್ವದ ಕಷ್ಟ ಅದು. ‘ನಿಮ್ಮದೇ ಮಗೂನಾ?’ ಎಂದು ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳುವವರಿಗೆ ಅದು ಹೊಳೆಯುವುದಿಲ್ಲ.

ಇನ್ನು ಅಜ್ಜಿಯ ವಿಷಯ. ಅಜ್ಜಿ, ದೊಡ್ಡಮ್ಮ, ಸೋದರಮಾವ, ಅತ್ತೆ ಬೆಳೆಸಿದರೆ ಅದನ್ನು ಬಂಧುಪಾಲನೆ ಎನ್ನಬಹುದು. 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗಸೂಚಿಯು ನೆಂಟರ ಜೊತೆಗೆ ಮಗುವಿಗೆ ಪರಿಚಯವಿರುವ ಆಪ್ತರನ್ನೂ ಇದರಲ್ಲಿ ಸೇರಿಸುತ್ತದೆ. ಪಕ್ಕದ ಲೈನಿನ ಅಕ್ಕ ಕೂಡ ಬಂದಂತಾಯಿತು. ನಮ್ಮಲ್ಲಿ ಇದಕ್ಕೆ ಹೆಸರಿಡುವ ಅಭ್ಯಾಸವಿಲ್ಲ. ‘ಅಜ್ಜಿ ಮನೇಲಿ ಬೆಳ್ದೋನು’ ಅಂದರೆ ಮುಗಿಯಿತು. ಅರಸೀಕೆರೆ ಕಡೆ ಮಳೆ ಕೈಕೊಟ್ಟ ವರ್ಷ ಗಂಡ-ಹೆಂಡತಿ ಬೆಂಗಳೂರಿನ ರೈಲು ಹತ್ತುತ್ತಾರೆ, ಮಕ್ಕಳು ಊರಲ್ಲೇ ಉಳಿಯುತ್ತಾರೆ. ‘ಬೇಸಿಗೆ ತನಕ ನೋಡ್ಕೊಳವ್ವ’ ಎಂದು ಬಿಟ್ಟುಹೋದ ಮಕ್ಕಳು ಹೈಸ್ಕೂಲಿಗೆ ಬಂದಾಗಲೂ ಅಲ್ಲೇ ಇರುತ್ತಾರೆ. ಯಾರೂ ಕೂತು ತೀರ್ಮಾನಿಸಿದ್ದಲ್ಲ.

ಹೆಸರಿಲ್ಲದ್ದಕ್ಕೆ ಲೆಕ್ಕವೂ ಇಲ್ಲ, ತೊಡಕು ಶುರುವಾಗುವುದೇ ಇಲ್ಲಿ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯಲ್ಲಿ ಸಹಜ ಪಾಲಕರೆಂದರೆ ತಂದೆ, ಆಮೇಲೆ ತಾಯಿ. ಹತ್ತು ವರ್ಷ ಅನ್ನ ಹಾಕಿದ ಅಜ್ಜಿ ಆ ಪಟ್ಟಿಯಲ್ಲಿಲ್ಲ. ಕಾನೂನಿನ ಪಾಲಕಿ ಆಗಬೇಕಾದರೆ 1890ರ ಪಾಲಕರ ಕಾಯ್ದೆಯಡಿ ಕೋರ್ಟಿಗೆ ಹೋಗಬೇಕು. ಹಾಸನಕ್ಕೆ ಬಂದು ವಕೀಲರನ್ನು ಹಿಡಿಯಲು ಅವಳು ಎಷ್ಟು ದಿನದ ಕೂಲಿ ಬಿಡಬೇಕು ಹೇಳಿ.

ಊರಿನವರು ಅವಳಿಗೆ ಕೊಡುವುದು ಒಂದೇ ಮಾತು: ‘ಪುಣ್ಯ ಕಟ್ಕೊಂಡೆ ಬಿಡು.’ ಕೇಳಲು ಚೆಂದ. ನನಗಂತೂ ಅದರ ಮೇಲೆ ಅನುಮಾನ. ಪುಣ್ಯದ ಕೆಲಸ ಎಂದ ಮೇಲೆ ಅದಕ್ಕೆ ನೆರವು ಕೇಳುವುದೇ ಕೀಳಾಗಿಬಿಡುತ್ತದೆ. ‘ಸ್ವಂತ ಮೊಮ್ಮಗನ್ನ ನೋಡ್ಕೊಳೋಕೂ ದುಡ್ಡಾ?’ ಎನ್ನುವವರೂ ಅವರೇ. ನೋಟ್‌ಬುಕ್ಕಿಗೆ, ಚಪ್ಪಲಿಗೆ, ಹಾಸನದ ಆಸ್ಪತ್ರೆಯ ಬಸ್ ಚಾರ್ಜಿಗೆ ಪುಣ್ಯ ಚಿಲ್ಲರೆಯಾಗಿ ಒದಗುವುದಿಲ್ಲ.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಪೋಷಕತ್ವ ಹೆತ್ತ ಕುಟುಂಬದಾಚೆಯ ಮನೆಗೆ ಅನ್ವಯಿಸುವುದರಿಂದ, ಬಂಧುಗಳಿಗೆ ಸಾಮಾನ್ಯವಾಗಿ ಸಿಗುವುದು ‘ಪ್ರಾಯೋಜಕತ್ವ’ ಎಂಬ ಇನ್ನೊಂದು ಯೋಜನೆ. ಬಂಧುಗಳ ಜೊತೆ ಇರುವ ಅನಾಥ ಮಕ್ಕಳು, ತಾಯಿ ವಿಧವೆಯೋ ಗಂಡ ಬಿಟ್ಟವಳೋ ಆಗಿರುವ ಮಕ್ಕಳು, ತಂದೆ-ತಾಯಿಗೆ ಜೀವಕ್ಕೆ ಕುತ್ತಾದ ಕಾಯಿಲೆ ಇರುವ ಮಕ್ಕಳು ಇದರಲ್ಲಿ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. 2022ರ ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದು ನಿಗದಿಯಾಗಿದೆ, ಪೋಷಕತ್ವಕ್ಕೂ ಅಷ್ಟೇ. ಬೆಂಗಳೂರಿಗೆ ದುಡಿಯಲು ಹೋದವರ ಮಕ್ಕಳು ಅಷ್ಟರಿಂದಲೇ ಇದರೊಳಗೆ ಬರುವುದಿಲ್ಲ. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ಗೌರವ ಎಂದರೆ ಶಾಲು ಹೊದಿಸುವುದೇ ಆಗಬೇಕಿಲ್ಲ. ಫಾರಂ ತುಂಬುವ ಮೇಷ್ಟ್ರು ‘ಅಪ್ಪ ಅಮ್ಮ ಎಲ್ಲಿ?’ ಎನ್ನುವ ಬದಲು ‘ಮಗೂನ ನೋಡ್ಕೊಳೋರು ನೀವೇನಾ ಅಮ್ಮಾ?’ ಎಂದು ಕೇಳಲಿ. ಅಜ್ಜಿ ತಲೆ ಎತ್ತಿ ‘ಹೂಂ, ನಾನೇ’ ಅನ್ನುತ್ತಾಳೆ. ಅರ್ಜಿಯ ಮಾತು ತೆಗೆದರೆ, ‘ನಮ್ಮ ಮಗೀಗೆ ನಾವೇ ಕೈಚಾಚೋದಾ?’ ಎಂದು ಹಿಂಜರಿಯಬಹುದು. ಆಗ ಹೇಳಬೇಕಾದ್ದು ಇಷ್ಟೇ: ‘ದುಡ್ಡು ನಿಮಗಲ್ಲ ಅಜ್ಜಿ, ಅವನಿಗೆ. ನೀವು ಸಹಿ ಹಾಕೋರು.’